ರಕ್ತ ಹರಿಯದ ಪಟ್ಟ

ಯಲ್ದೂರಿನಿಂದ ಬರುವ ಹುಡುಗನೊಬ್ಬ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ: 'ಅಪ್ಪನ್ನ ಸರಿಸಿ ಮಗ ಕೂತ, ಸರಿ ಸಾರ್. ಆವಾಗ ನಮ್ಮೋರು ಏನ್ ಮಾಡ್ತಿದ್ರು?' ನಾನು ಹೊಯ್ಸಳ ಎರಡನೆಯ ಬಲ್ಲಾಳನ ಪಾಠ ಮಾಡುತ್ತಿದ್ದೆ. ಎಂ.ಎ.ಗೆ ಓದಿದ್ದನ್ನೆಲ್ಲ ಜಾಲಾಡಿದರೂ ಉತ್ತರ ಸಿಕ್ಕಲಿಲ್ಲ.

ಪಾಠದ ಸಂಗತಿ ಇಷ್ಟು. ಒಂದನೆಯ ನರಸಿಂಹ 1152ರಿಂದ ಆಳುತ್ತಿದ್ದ. ಅವನ ಅಂತಃಪುರದಲ್ಲಿ 384 ಮಂದಿ ಹೆಂಗಸರಿದ್ದರೆಂದು ಶಾಸನ ಹೆಮ್ಮೆಯಿಂದ ಎಣಿಸುತ್ತದೆ. ಏಚಲದೇವಿಯ ಮಗ ಬಲ್ಲಾಳ ತಂದೆಗೆ ತಿರುಗಿಬಿದ್ದು, ಮಲೆನಾಡಿನ ಸಾಮಂತರನ್ನು ತನ್ನ ಕಡೆಗೆ ಒಲಿಸಿಕೊಂಡ. 1173ರ ಜುಲೈ 22ರಂದು ಪಟ್ಟ ಕಟ್ಟಿಸಿಕೊಂಡ. ಅಪ್ಪ ಮಗನ ನಡುವೆ ದೊಡ್ಡ ಕಾಳಗವಾಯಿತೆಂದು ನಮ್ಮ ಪಠ್ಯಗಳು ಹೇಳುವುದಿಲ್ಲ. ಇಂಥದಕ್ಕೆ ಪತ್ರಿಕೆಗಳ ಭಾಷೆಯಲ್ಲಿ 'ರಕ್ತರಹಿತ ಕ್ರಾಂತಿ' ಅಂತ ಹೆಸರು. ಕ್ರಾಂತಿಯಂತೆ! ಒಂದೇ ಮನೆಯೊಳಗೆ ಉಗ್ರಾಣದ ಬೀಗದಕೈ ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋದರೆ ಅದು ಕ್ರಾಂತಿಯೇ?

ವಿಷ್ಣುವರ್ಧನನ ಕಾಲದಿಂದ ಹೊಯ್ಸಳರು ತಮ್ಮ ಮೂಡಣ ಗಡಿ ಎಂದು ಹೇಳಿಕೊಂಡದ್ದು ನಮ್ಮ ಮುಳಬಾಗಿಲು ತಾಲ್ಲೂಕಿನ ನಂಗಲಿಯನ್ನು. ಅಂದರೆ ದೋರಸಮುದ್ರದಲ್ಲಿ ಯಾರು ಕೂತರೂ ನಮ್ಮ ಸೀಮೆಯ ಹೊಲ ಉಳುವವನಿಗೆ ಅವನೇ ದೊರೆ. ಆದರೆ ಆ ಜುಲೈ ತಿಂಗಳಲ್ಲಿ ಉಳುವವನ ತೆರಿಗೆ ಇಳಿಯಿತೇ, ಕೇರಿ ಊರೊಳಕ್ಕೆ ಬಂತೇ? ಕೇಳಿದರೆ ಹಿರಿಯ ಸಂಶೋಧಕರು ನಗುತ್ತಾರೆ. ಅದು ಇತಿಹಾಸದ ಪ್ರಶ್ನೆಯಲ್ಲವಂತೆ. ಮುಂದೆ 1254ರಲ್ಲಿ ಇದೇ ವಂಶದ ಸೋಮೇಶ್ವರ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಪಾಲು ಮಾಡಿದಾಗ ಕೋಲಾರದ ಸೀಮೆ ರಾಮನಾಥನ ಪಾಲಿಗೆ ಬಂತು. ದನಕರು ಹಂಚಿದ ಹಾಗೆ ನಮ್ಮನ್ನೂ ಹಂಚಿಕೊಂಡರು.

ಇನ್ನು ರಕ್ತದ ಮಾತು. ಪಟ್ಟಕ್ಕೆ ಬೇಕಾಗದಿದ್ದ ರಕ್ತ ಆಮೇಲೆ ಬೇಕಾಯಿತು. ಉಚ್ಚಂಗಿ ಕೋಟೆ ಹಿಡಿಯುವುದಕ್ಕೆ ಬೇಕಾಯಿತು. ಸುಮಾರು 1190ರಲ್ಲಿ ಸೊರಟೂರಿನಲ್ಲಿ ಸೇವುಣರ ಎರಡು ಲಕ್ಷ ಕಾಲಾಳುಗಳನ್ನು ಬಲ್ಲಾಳ ಮುರಿದನೆಂದು ಶಾಸನಗಳು ಕೊಚ್ಚಿಕೊಳ್ಳುತ್ತವೆ. ಲೆಕ್ಕ ಉಬ್ಬಿಸಿದ್ದೇ ಇರಬಹುದು ಬಿಡಿ. ಆ ಕಾಲಾಳುಗಳಲ್ಲಿ ಒಬ್ಬನ ಹೆಸರಾದರೂ ಪಾಠಕ್ಕೆ ಬಂದಿಲ್ಲ. 1220ರಲ್ಲಿ ಬಲ್ಲಾಳ ಸತ್ತಾಗ ಅವನ ಗರುಡನಾಗಿದ್ದ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ, ಅವನ ಲೆಂಕರು ಜೊತೆಗೇ ಪ್ರಾಣ ಕೊಟ್ಟರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬದಲ್ಲಿ ತಮ್ಮ ಕತ್ತನ್ನು ತಾವೇ ಕತ್ತರಿಸಿಕೊಳ್ಳುವವರ ಬೊಂಬೆಗಳಿವೆ. ಟೂರಿಗೆ ಹೋದ ಹುಡುಗರಿಗೆ ಗೈಡು ಅದನ್ನು 'ಸ್ವಾಮಿನಿಷ್ಠೆ' ಅಂತ ತೋರಿಸಿ ಮುಂದಕ್ಕೆ ಕರೆದುಕೊಂಡು ಹೋಗುತ್ತಾನೆ. ಅಪ್ಪನ ಅನ್ನ ತಿಂದು ಅಪ್ಪನಿಗೇ ತಿರುಗಿಬಿದ್ದವನಿಗೆ ಆ ನಿಷ್ಠೆ ಯಾಕೆ ಅನ್ವಯಿಸಲಿಲ್ಲ? ಲೆಂಕನಿಗೆ ಮಾತ್ರ ಯಾಕೆ?

ನಮ್ಮ ಗೆಳೆಯರಲ್ಲಿ ಕೆಲವರು ಈ ಲೆಂಕರೇ ನಮ್ಮವರು, ವೀರರು ಎಂದು ಬ್ಯಾನರು ಕಟ್ಟಲು ಹೊರಡಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಅವರ ಜಾತಿ ಯಾವುದಾದರೂ ಇರಲಿ, ಯಜಮಾನನಿಗಾಗಿ ಕತ್ತು ಕೊಯ್ದುಕೊಂಡದ್ದನ್ನು ನಾವೂ ವೈಭವ ಎಂದರೆ ಗೈಡಿಗೂ ನಮಗೂ ಏನು ವ್ಯತ್ಯಾಸ?

2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಸುಟ್ಟು ಹೋದದ್ದು ಖರೆ, ಸುಟ್ಟವರು ಯಾರೂ ಇಲ್ಲ ಅಂತಾಯಿತು. ಯಾರ ರಕ್ತ ರಕ್ತ, ಯಾರದು ಲೆಕ್ಕಕ್ಕಿಲ್ಲ ಎನ್ನುವ ವಿದ್ಯೆಯನ್ನು ನಮಗೆ ಮೊದಲು ಕಲಿಸಿದ್ದು ಇತಿಹಾಸದ ಪಾಠವೇ ಇರಬೇಕು ಅನ್ನಿಸುತ್ತದೆ.

ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ಮತ್ತೆ ತೆಗೆದಿದ್ದೇನೆ. ಈ ಸಲ ರಾಜರ ಬಿರುದುಗಳನ್ನು ಬಿಟ್ಟು ಗದ್ದೆ, ಕೆರೆ, ಗಡಿಕಲ್ಲುಗಳ ಸಾಲುಗಳನ್ನು ಮಾತ್ರ ಗುರುತು ಹಾಕಿಕೊಳ್ಳುತ್ತಿದ್ದೇನೆ. ಆ ಹುಡುಗನೂ ಭಾನುವಾರ ಬಂದು ಜೊತೆಗೆ ಕೂರುತ್ತಾನೆ.