ಅಮೀನುಲ್ ಉಮ್ಮಃ ಅಬೂ ಉಬೈದ(ರ): ಸಂಗಾತಿಗಳು ನೆನೆದ ಸೇನಾಪತಿ

ಹಿಜರಿ 18ನೇ ವರ್ಷ, ಅಂದರೆ ಕ್ರಿ.ಶ. 639. ಜೆರುಸಲೇಮಿನ ಪಶ್ಚಿಮಕ್ಕಿರುವ ಅಮ್ವಾಸ್ ಎಂಬ ಊರಿನ ಹೆಸರು ಹೊತ್ತ ಪ್ಲೇಗ್ ಶಾಮ್ ನಾಡನ್ನು ಆವರಿಸಿತ್ತು. ಮೂರು ವರ್ಷದ ಹಿಂದೆ ಯರ್ಮೂಕ್‌ನಲ್ಲಿ ರೋಮನ್ನರ ದೊಡ್ಡ ದಂಡನ್ನು ಎದುರಿಸಿ ಗೆದ್ದವರು ಈಗ ಡೇರೆಗಳಲ್ಲಿ ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಈ ಪಿಡುಗಿಗೆ ಬಲಿಯಾದವರು ಇಪ್ಪತ್ತೈದು ಸಾವಿರ ಎಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಶಾಮ್‌ನ ಸೇನಾಧಿಪತಿಯಾಗಿದ್ದ ಹಝ್ರತ್ ಅಬೂ ಉಬೈದ ಬಿನ್ ಅಲ್ ಜರ್ರಾಹ್(ರ) ಅವರಲ್ಲೊಬ್ಬರು. ಆಗ ಅವರಿಗೆ 58 ವರ್ಷ.

ಜನಾಝ ನಮಾಝ್‌ಗೆ ಹಝ್ರತ್ ಮುಆದ್ ಬಿನ್ ಜಬಲ್(ರ) ಇಮಾಮರಾದರು. ಮುಆದ್, ಅಮ್ರ್ ಬಿನ್ ಆಸ್, ದಹ್ಹಾಕ್ ಬಿನ್ ಕೈಸ್ ಈ ಮೂವರು ಕಬರಿಗೆ ಇಳಿದು ದೇಹವನ್ನು ಇರಿಸಿದರು. ಮಣ್ಣು ಹಾಕಿದ ಮೇಲೆ ಮುಆದ್(ರ) ಅಲ್ಲೇ ನಿಂತು ಮಾತನಾಡಿದರು. ಅವರು ಮೊದಲೇ ಒಂದು ಷರತ್ತು ಹಾಕಿಕೊಂಡರು: ನಾನು ನಿಮ್ಮ ಬಗ್ಗೆ ಒಳ್ಳೆಯದನ್ನು ಹೇಳುತ್ತೇನೆ, ಆದರೆ ಸುಳ್ಳು ಹೇಳಲಾರೆ, ಅಲ್ಲಾಹನ ಕೋಪಕ್ಕೆ ಹೆದರುತ್ತೇನೆ ಎಂದರು. ಬಳಿಕ ತಮಗೆ ಗೊತ್ತಿದ್ದಷ್ಟನ್ನು ಹೇಳಿದರು. ಅಲ್ಲಾಹನನ್ನು ಬಹಳವಾಗಿ ಸ್ಮರಿಸುವವರು, ಭೂಮಿಯ ಮೇಲೆ ವಿನಯದಿಂದ ನಡೆಯುವವರು, ಖರ್ಚಿನಲ್ಲಿ ದುಂದೂ ಇಲ್ಲ ಜಿಪುಣತನವೂ ಇಲ್ಲ, ಅನಾಥರಿಗೂ ಬಡವರಿಗೂ ಕರುಣೆ ತೋರಿದವರು, ಅಹಂಕಾರಿಗಳನ್ನು ಕಂಡರೆ ಆಗದವರು.

ಗಮನಿಸಿ, ಗೆದ್ದ ಕೋಟೆಗಳ ಪಟ್ಟಿ ಇದರಲ್ಲಿಲ್ಲ. ದಮಾಸ್ಕಸ್, ಹಿಮ್ಸ್, ಯರ್ಮೂಕ್, ಜೆರುಸಲೇಮ್ ಎಲ್ಲವೂ ಅವರ ಸೇನಾಧಿಪತ್ಯದ ಕಾಲದವೇ. ನಮ್ಮ ಸಂತಾಪ ಸಭೆಗಳಲ್ಲಿ ಮೊದಲು ಬರುವುದು ಮೃತರು ವಹಿಸಿದ್ದ ಹುದ್ದೆಗಳು, ಆಮೇಲೆ ಬಿರುದುಗಳು. ಮುಆದ್(ರ) ಹೇಳಿದ್ದು ಆ ಮನುಷ್ಯನ ನಡತೆಯನ್ನು. ಆ ಮಾತಿಗೆ ಸಾಕ್ಷಿಗಳು ಕಬರಿನ ಪಕ್ಕದಲ್ಲೇ ಇದ್ದರು.

ಅಮ್ರ್ ಬಿನ್ ಆಸ್(ರ) ಅವರನ್ನೇ ನೋಡಿ. ಹಿಜರಿ 8ರಲ್ಲಿ, ಅಮ್ರ್ ಇಸ್ಲಾಮಿಗೆ ಬಂದು ಕೆಲವೇ ತಿಂಗಳಾಗಿದ್ದಾಗ, ಪ್ರವಾದಿವರ್ಯರು(ಸ) ಅವರನ್ನು ಝಾತುಸ್ಸಲಾಸಿಲ್‌ಗೆ ಒಂದು ಪಡೆಯ ನಾಯಕರಾಗಿ ಕಳುಹಿಸಿದ್ದರು. ಶತ್ರುಗಳು ಹೆಚ್ಚಿದ್ದುದರಿಂದ ಅವರು ನೆರವು ಕೇಳಿದರು. ಇನ್ನೂರು ಜನರ ನೆರವು ಪಡೆ ಬಂತು. ಅದರಲ್ಲಿ ಅಬೂಬಕರ್(ರ), ಉಮರ್(ರ) ಇದ್ದರು, ನಾಯಕರು ಅಬೂ ಉಬೈದ(ರ). ಈಗ ಇಡೀ ಪಡೆಗೆ ಅಮೀರ್ ಯಾರು? ನೀವು ನನಗೆ ನೆರವಾಗಲು ಬಂದವರು, ಅಮೀರ್ ನಾನೇ ಎಂದರು ಅಮ್ರ್. ಅಬೂ ಉಬೈದ(ರ) ಇಸ್ಲಾಮಿನ ಮೊದಲ ದಿನಗಳಲ್ಲೇ ವಿಶ್ವಾಸಿಯಾದವರು, ಬದ್ರ್‌ನಲ್ಲಿ ಹೋರಾಡಿದವರು. ಉಹುದ್‌ನಲ್ಲಿ ಪ್ರವಾದಿಯವರ(ಸ) ಕೆನ್ನೆಗೆ ಶಿರಸ್ತ್ರಾಣದ ಕೊಂಡಿಗಳು ನಾಟಿಕೊಂಡಾಗ ಹಲ್ಲಿನಿಂದ ಕಚ್ಚಿ ಎಳೆದು ತಮ್ಮ ಮುಂದಿನ ಎರಡು ಹಲ್ಲು ಕಳೆದುಕೊಂಡವರು. ವಾದಕ್ಕೆ ಬೇಕಾದ್ದೆಲ್ಲ ಅವರ ಬಳಿ ಇತ್ತು. ಅವರು ವಾದಿಸಲಿಲ್ಲ. ಭಿನ್ನಾಭಿಪ್ರಾಯ ಬೇಡವೆಂದು ಪ್ರವಾದಿಯವರು(ಸ) ನನಗೆ ಹೇಳಿ ಕಳುಹಿಸಿದ್ದಾರೆ, ನೀವು ನನ್ನ ಮಾತು ಕೇಳದಿದ್ದರೆ ನಾನು ನಿಮ್ಮ ಮಾತು ಕೇಳುತ್ತೇನೆ ಎಂದು ಅಮ್ರ್ ಹಿಂದೆ ನಮಾಝ್‌ಗೆ ನಿಂತರು. ಹತ್ತು ವರ್ಷದ ನಂತರ ಅವರ ಕಬರಿಗೆ ಇಳಿದವರಲ್ಲಿ ಒಬ್ಬರು ಇದೇ ಅಮ್ರ್.

ಖಾಲಿದ್ ಬಿನ್ ವಲೀದ್(ರ) ಅವರ ವಿಷಯ ಇನ್ನೂ ಸೂಕ್ಷ್ಮವಾದದ್ದು. ಉಮರ್(ರ) ಖಲೀಫರಾದ ಕೂಡಲೇ ಖಾಲಿದರನ್ನು ಇಳಿಸಿ ಅಬೂ ಉಬೈದರನ್ನು ಸೇನಾಧಿಪತಿಯಾಗಿ ನೇಮಿಸಿದರು. ಪತ್ರ ಕೈಗೆ ಬಂದಾಗ ಕಾಳಗ ನಡೆಯುತ್ತಿತ್ತು. ಅಬೂ ಉಬೈದ(ರ) ಅದನ್ನು ಯಾರಿಗೂ ತೋರಿಸಲಿಲ್ಲ. ಖಾಲಿದರ ಕೈಕೆಳಗೇ ದುಡಿದು, ಗೆಲುವು ಖಾತ್ರಿಯಾದ ಮೇಲೆ ಹೇಳಿದರು. ಅದು ದಮಾಸ್ಕಸ್ ಮುತ್ತಿಗೆಯೋ ಯರ್ಮೂಕೋ ಎಂಬುದರಲ್ಲಿ ಚರಿತ್ರಕಾರರು ಒಮ್ಮತಕ್ಕೆ ಬಂದಿಲ್ಲ. ಪದವಿಯ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಬ್ಬರ ಆಜ್ಞೆ ಪಾಲಿಸುವುದು ಎಷ್ಟು ಕಷ್ಟವೆಂದು ಮಸೀದಿ ಕಮಿಟಿ ಚುನಾವಣೆ ನೋಡಿದ ಯಾರಿಗಾದರೂ ಗೊತ್ತು. ಮುಂದೆ ಖಾಲಿದ್(ರ) ಅದೇ ಅಬೂ ಉಬೈದರ ಕೈಕೆಳಗೆ ಹೋರಾಡಿದರು. ಇಬ್ಬರ ನಡುವೆ ಕಹಿ ಉಳಿಯಲಿಲ್ಲ.

ಗೆದ್ದ ನಾಡಿನ ಜನ ಕಂಡ ಅಬೂ ಉಬೈದರ ಕಥೆಯೂ ಒಂದಿದೆ. ಯರ್ಮೂಕ್‌ಗೆ ಮುಂಚೆ ರೋಮನ್ನರ ದೊಡ್ಡ ಸೇನೆ ಬರುತ್ತಿದೆಯೆಂದು ತಿಳಿದಾಗ ಮುಸ್ಲಿಮ್ ಪಡೆಗಳು ಹಿಮ್ಸ್ ಮುಂತಾದ ಪಟ್ಟಣಗಳಿಂದ ಹಿಂದೆ ಸರಿಯಬೇಕಾಯಿತು. ಜನರಿಂದ ಪಡೆದಿದ್ದ ಜಿಝಿಯಾ ಹಣವನ್ನು ವಾಪಸು ಕೊಡಿ ಎಂದು ಅವರು ಅಧಿಕಾರಿಗಳಿಗೆ ಬರೆದರು. ಕಾರಣ ಸರಳ: ಹಣ ಪಡೆದದ್ದು ರಕ್ಷಣೆಯ ಭರವಸೆಯ ಮೇಲೆ, ಈಗ ರಕ್ಷಿಸಲು ಆಗುತ್ತಿಲ್ಲ. ಇಮಾಮ್ ಅಬೂ ಯೂಸುಫ್ ತಮ್ಮ 'ಕಿತಾಬುಲ್ ಖರಾಜ್'ನಲ್ಲಿ ಇದನ್ನು ದಾಖಲಿಸಿದ್ದಾರೆ. ಸೇನೆಗೆ ಹಣದ ಅಗತ್ಯ ಅತಿ ಹೆಚ್ಚಿದ್ದ ಗಳಿಗೆ ಅದು. ನಜ್ರಾನಿನ ಕ್ರೈಸ್ತರು ನಂಬಿಕಸ್ಥನೊಬ್ಬನನ್ನು ಕಳುಹಿಸಿಕೊಡಿ ಎಂದು ಕೇಳಿದಾಗ ಪ್ರವಾದಿವರ್ಯರು(ಸ) ಇವರನ್ನೇ ಆರಿಸಿ, ಇವರು ಈ ಸಮುದಾಯದ ಅಮೀನ್ ಎಂದು ಕರೆದದ್ದೇಕೆ ಎಂಬುದು ಹಿಮ್ಸ್‌ನ ಜನರಿಗೆ ಆಗ ಅರ್ಥವಾಗಿರಬೇಕು.

ಉಮರ್(ರ) ಶಾಮ್‌ಗೆ ಬಂದಾಗ ಸೇನಾನಾಯಕರು ಎದುರುಗೊಳ್ಳಲು ಬಂದರು. ನನ್ನ ಸಹೋದರ ಎಲ್ಲಿ ಎಂದು ಅವರು ಕೇಳಿದ್ದು ಅಬೂ ಉಬೈದರನ್ನು. ಹಗ್ಗದ ಮೂಗುದಾರದ ಒಂಟೆಯ ಮೇಲೆ ಅವರು ಬಂದರು. ಮನೆಗೆ ಹೋಗಿ ನೋಡಿದರೆ ಒಂದು ಖಡ್ಗ, ಒಂದು ಗುರಾಣಿ, ಒಂಟೆಯ ಜೀನು. ಸ್ವಲ್ಪ ಸಾಮಾನು ಮಾಡಿಕೊಳ್ಳಬಾರದಿತ್ತೇ ಎಂದು ಖಲೀಫರು ಕೇಳಿದರೆ, ಮಲಗುವ ಜಾಗಕ್ಕೆ ತಲುಪಿಸಲು ಇಷ್ಟು ಸಾಕು ಎಂದರು. ಮತ್ತೊಮ್ಮೆ ಉಮರ್(ರ) ನಾನೂರು ದೀನಾರ್ ಕಳುಹಿಸಿ, ಏನು ಮಾಡುತ್ತಾರೆ ನೋಡಿಕೊಂಡು ಬಾ ಎಂದು ಹೇಳಿದ್ದರು. ಒಯ್ದವನು ನೋಡುತ್ತಿದ್ದಂತೆಯೇ ಹಣವೆಲ್ಲ ಹಂಚಿಹೋಯಿತು.

ಇನ್ನು ಪ್ಲೇಗ್‌ನ ವಿಷಯ. ಇಲ್ಲಿ ಅಬೂ ಉಬೈದರ ಕಥೆಯನ್ನು ಅರ್ಧ ಹೇಳಿ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿದೆ. ಕೋವಿಡ್ ದಿನಗಳಲ್ಲಿ ಆ ಅರ್ಧವನ್ನೇ ಹಿಡಿದುಕೊಂಡು ಎಚ್ಚರಿಕೆಯೇ ಬೇಡ ಎಂದವರನ್ನೂ ಕೇಳಿದ್ದೇವೆ.

ಉಮರ್(ರ) ಮತ್ತೊಮ್ಮೆ ಶಾಮ್‌ಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಪ್ಲೇಗ್‌ನ ಸುದ್ದಿ ಬಂತು. ಮುಹಾಜಿರ್‌ಗಳನ್ನು, ಅನ್ಸಾರ್‌ಗಳನ್ನು, ಕುರೈಷ್ ಹಿರಿಯರನ್ನು ಕೇಳಿ ಹಿಂದಿರುಗಲು ತೀರ್ಮಾನಿಸಿದರು. ಎದುರು ಮಾತಾಡಿದವರು ಅಬೂ ಉಬೈದ(ರ): ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ? ಈ ಮಾತನ್ನು ಬೇರೆ ಯಾರಾದರೂ ಹೇಳಬಾರದಿತ್ತೇ ಎಂದು ಉಮರ್(ರ) ನೊಂದುಕೊಂಡರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಎಂದು ಉತ್ತರಿಸಿದರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಇದ್ದರೆ ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಕೇಳಿದರು. ಬಳಿಕ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ರೋಗವಿರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಬಂದರೆ ಹೆದರಿ ಓಡಬೇಡಿ ಎಂಬ ಪ್ರವಾದಿವಚನವನ್ನು ತಿಳಿಸಿದರು.

ಮದೀನಕ್ಕೆ ಮರಳಿದ ಉಮರ್(ರ) ಅಬೂ ಉಬೈದರಿಗೆ ಬರೆದರು: ನಿಮ್ಮಿಂದ ಒಂದು ತುರ್ತು ಕೆಲಸವಿದೆ, ಪತ್ರ ಕೆಳಗಿಡುವ ಮೊದಲೇ ಹೊರಟುಬನ್ನಿ. ಉದ್ದೇಶ ಅವರಿಗೆ ಅರ್ಥವಾಯಿತು. ನಾನು ಮುಸ್ಲಿಮರ ಸೇನೆಯ ನಡುವೆ ಇದ್ದೇನೆ, ಅವರನ್ನು ಬಿಟ್ಟು ನನ್ನ ಜೀವ ಉಳಿಸಿಕೊಳ್ಳುವ ಆಸೆಯಿಲ್ಲ, ಆ ಆಜ್ಞೆಯಿಂದ ನನ್ನನ್ನು ಬಿಡುಗಡೆ ಮಾಡಿ ಎಂದು ಉತ್ತರಿಸಿದರು. ಓದಿ ಉಮರ್(ರ) ಅತ್ತರು. ಅಬೂ ಉಬೈದ ತೀರಿಕೊಂಡರೇ ಎಂದು ಜನ ಕೇಳಿದರು. ಇಲ್ಲ, ಆದರೆ ತೀರಿಕೊಂಡ ಹಾಗೆಯೇ ಎಂದರು.

ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಉಮರ್(ರ) ಇನ್ನೊಂದು ಪತ್ರ ಬರೆದರು: ತಗ್ಗು ಜಾಗದಲ್ಲಿರುವ ಸೇನೆಯನ್ನು ಎತ್ತರದ, ಶುದ್ಧ ಗಾಳಿಯ ಪ್ರದೇಶಕ್ಕೆ ಸಾಗಿಸಿ. ಇದಕ್ಕೆ ಅಬೂ ಉಬೈದ(ರ) ತಕ್ಷಣ ಒಪ್ಪಿದರು, ಜಾಗ ಹುಡುಕಿಸಿದರು. ಹೊರಡಲು ರಿಕಾಬಿನಲ್ಲಿ ಕಾಲಿಡುವಾಗಲೇ ರೋಗ ತಗಲಿತೆಂದು ವರದಿಗಳಿವೆ. ತಾನೊಬ್ಬನೇ ಪಾರಾಗಲು ಅವರು ಒಪ್ಪಲಿಲ್ಲ. ಎಲ್ಲರನ್ನೂ ಪಾರುಮಾಡುವ ಆಜ್ಞೆಗೆ ಅವರ ತಕರಾರೇ ಇರಲಿಲ್ಲ. ಇವೆರಡನ್ನು ಒಟ್ಟಿಗೆ ಹೇಳದಿದ್ದರೆ ಅದು ಅವರಿಗೆ ಸಲ್ಲಿಸುವ ಗೌರವವಲ್ಲ, ಅವರ ಮೇಲೆ ಹೊರಿಸುವ ತಪ್ಪು.

ಅವರ ನಂತರ ಹೊಣೆ ಹೊತ್ತ ಮುಆದ್(ರ) ಕೂಡ ಅದೇ ರೋಗದಲ್ಲಿ ಹೋದರು. ಆಮೇಲೆ ಅಮ್ರ್ ಬಿನ್ ಆಸ್(ರ) ನಿಂತು, ಈ ರೋಗ ಬೆಂಕಿಯಂತೆ ಹರಡುತ್ತದೆ, ಬೆಟ್ಟಗಳಿಗೆ ಚದುರಿ ಹೋಗಿ ಎಂದರು. ಒಬ್ಬ ಸಹಾಬಿ ಅವರನ್ನು ಕಟುವಾಗಿ ಖಂಡಿಸಿದರು. ನಿಮಗೆ ಉತ್ತರ ಕೊಡುವುದಿಲ್ಲ, ಆದರೆ ಇಲ್ಲಿ ನಿಲ್ಲುವುದೂ ಇಲ್ಲ ಎಂದು ಅಮ್ರ್ ಜನರನ್ನು ಕರೆದುಕೊಂಡು ಹೊರಟರು. ಪ್ಲೇಗ್ ಇಳಿಯಿತು. ಸುದ್ದಿ ತಿಳಿದ ಉಮರ್(ರ) ಅಸಮಾಧಾನ ತೋರಲಿಲ್ಲ.

ಜೋರ್ಡಾನ್ ಕಣಿವೆಯಲ್ಲಿ ಅಬೂ ಉಬೈದ(ರ)ರ ಹೆಸರಿನ ಮಸೀದಿ ಮತ್ತು ಸಮಾಧಿಯಿದೆ, ಯಾತ್ರಿಕರು ಹೋಗುತ್ತಾರೆ. ಅದಕ್ಕಿಂತ ಹಳೆಯ ಸ್ಮಾರಕ ಉಮರ್(ರ)ರ ಮಾತುಗಳಲ್ಲಿದೆ. ಒಮ್ಮೆ ಸಂಗಡಿಗರಿಗೆ ನಿಮ್ಮ ಆಸೆಗಳನ್ನು ಹೇಳಿ ಎಂದರು. ಮನೆ ತುಂಬ ಚಿನ್ನವಿದ್ದರೆ ಅಲ್ಲಾಹನ ಮಾರ್ಗದಲ್ಲಿ ಖರ್ಚು ಮಾಡುತ್ತಿದ್ದೆ ಎಂದರು ಒಬ್ಬರು. ನನಗೆ ಅಬೂ ಉಬೈದನಂಥವರು ತುಂಬಿದ ಮನೆ ಬೇಕು ಎಂದರು ಉಮರ್(ರ).

ಹಿಜರಿ 23ರಲ್ಲಿ ಫಜ್ರ್ ನಮಾಝ್‌ನಲ್ಲಿ ಇರಿತಕ್ಕೊಳಗಾಗಿ ಮಲಗಿದ್ದ ಉಮರ್(ರ)ರನ್ನು, ನಿಮ್ಮ ನಂತರ ಯಾರು ಎಂದು ಜನ ಕೇಳಿದರು. ಅಬೂ ಉಬೈದ ತೀರಿಕೊಂಡು ಐದು ವರ್ಷವಾಗಿತ್ತು. ಅವರು ಬದುಕಿದ್ದರೆ ಅವರನ್ನೇ ನೇಮಿಸುತ್ತಿದ್ದೆ ಎಂದರು ಉಮರ್(ರ). ಏಕೆಂದು ನನ್ನ ರಬ್ ಕೇಳಿದರೆ, ಇವರು ಈ ಸಮುದಾಯದ ಅಮೀನ್ ಎಂದು ನಿನ್ನ ಪ್ರವಾದಿ ಹೇಳಿದ್ದನ್ನು ಕೇಳಿದ್ದೆ ಎನ್ನುತ್ತಿದ್ದೆ ಎಂದರು. ಆಮೇಲೆ ಬದುಕಿದ್ದವರಲ್ಲಿ ಆರು ಮಂದಿಯ ಹೆಸರು ಹೇಳಿ, ನಿರ್ಧಾರವನ್ನು ಅವರಿಗೆ ಬಿಟ್ಟರು.