ಲಿಖಿತ ಪ್ರಶ್ನೆ ಮತ್ತು ಇಲಾಖೆಗಳ ಉತ್ತರದಾಯಿತ್ವ: ಹುನಗುಂದ–ಇಳಕಲ್ ಸೀಮೆಯ ನೆಲೆಯಿಂದ ಒಂದು ಅವಲೋಕನ

ಶಾಸನಸಭೆಗಳ ಚರಿತ್ರೆಯನ್ನು ಬರೆಯುವಾಗ ಮಸೂದೆಗಳು, ಪ್ರಮುಖರ ಭಾಷಣಗಳು ಮತ್ತು ಮಂತ್ರಿಮಂಡಲಗಳ ಏಳುಬೀಳುಗಳು ಮುನ್ನೆಲೆಗೆ ಬರುವುದು ಸಹಜ. ಸದಸ್ಯನು ಬರಹದಲ್ಲಿ ಕೇಳುವ ಪ್ರಶ್ನೆ ಮತ್ತು ಇಲಾಖೆಯು ಬರಹದಲ್ಲಿಯೇ ನೀಡುವ ಉತ್ತರ ಇವುಗಳ ಮರೆಯಲ್ಲಿ ಉಳಿದುಬಿಡುತ್ತವೆ. ಆದರೆ ಒಂದು ಊರಿನ ಮಗ್ಗ, ಕೆರೆ, ಕಲ್ಲುಗಣಿ, ಶಾಲೆಗಳ ಬಗ್ಗೆ ಸರ್ಕಾರವು ದಿನಾಂಕಸಹಿತವಾಗಿ ಮಾತು ಕೊಡಬೇಕಾದ ಸಂದರ್ಭ ಒದಗುವುದು ಬಹುಮಟ್ಟಿಗೆ ಇಲ್ಲಿಯೇ. ಕಚೇರಿಯ ಕಡತದೊಳಗಿನ ಸಂಗತಿಯನ್ನು ಸಾರ್ವಜನಿಕ ದಾಖಲೆಯನ್ನಾಗಿ ಮಾರ್ಪಡಿಸುವುದೇ ಲಿಖಿತ ಪ್ರಶ್ನೆಯ ನಿಜವಾದ ಶಕ್ತಿ. ಇಳಕಲ್ ಪಟ್ಟಣವನ್ನೊಳಗೊಂಡ ಹುನಗುಂದ ಸೀಮೆಯ ಅನುಭವ ಈ ಮಾತನ್ನು ಪರಿಶೀಲಿಸಲು ತಕ್ಕ ನೆಲೆಯಾಗಿದೆ.

ಈ ಸೀಮೆಯು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1876-78ರ ಭೀಕರ ಕ್ಷಾಮವನ್ನು ಇಲ್ಲಿಯ ಜನ ‘ಡೋಗಿ ಬರ’ವೆಂದು ನೆನೆಯುತ್ತಾರೆ. ಆಗ ಹುನಗುಂದವು ಕಲಾದಗಿ ಜಿಲ್ಲೆಯ ತಾಲೂಕು. ಮುಂಬಯಿಯಲ್ಲಿ ಶಾಸನಸಭೆಯಿದ್ದರೂ, 1861ರ ಕಾಯ್ದೆಯಂತೆ ರಚಿತವಾದ ಆ ಸಭೆಯ ಸದಸ್ಯರಿಗೆ ಆಡಳಿತವನ್ನು ಪ್ರಶ್ನಿಸುವ ಅಧಿಕಾರವಿರಲಿಲ್ಲ. ಬರಗಾಲದ ಪರಿಹಾರ ಕಾಮಗಾರಿಗಳ ಲೆಕ್ಕವನ್ನು ಸಭೆಯಲ್ಲಿ ಕೇಳುವ ದಾರಿಯೇ ಇರಲಿಲ್ಲವೆಂಬುದು ಗಮನಾರ್ಹ. 1892ರ ಕಾಯ್ದೆಯು ಮೊದಲ ಬಾರಿಗೆ, ಮುಂಚಿತವಾಗಿ ಸೂಚನೆ ನೀಡಿ ಪ್ರಶ್ನೆ ಕೇಳುವ ಹಕ್ಕನ್ನು ಒದಗಿಸಿತಾದರೂ ಉತ್ತರದ ಮೇಲೆ ಚರ್ಚೆಗೆ ಆಸ್ಪದವಿರಲಿಲ್ಲ. 1909ರ ಸುಧಾರಣೆಯಿಂದ ಮೂಲ ಪ್ರಶ್ನೆ ಕೇಳಿದ ಸದಸ್ಯನಿಗೆ ಉಪಪ್ರಶ್ನೆಯ ಅವಕಾಶ ದೊರೆಯಿತು. 1919ರ ಸುಧಾರಣೆಯು ಅದನ್ನು ಇತರ ಸದಸ್ಯರಿಗೂ ವಿಸ್ತರಿಸಿತು. ಹೀಗೆ ಪ್ರಶ್ನಿಸುವ ಹಕ್ಕು ಹಂತಹಂತವಾಗಿ ಬೆಳೆದು ಬಂದುದು.

ಮೈಸೂರು ಸಂಸ್ಥಾನದಲ್ಲಿ ಇದರ ಬೆಳವಣಿಗೆ ಬೇರೆ ಬಗೆಯದು. ದಿವಾನ ಸಿ. ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯು ದಸರೆಯ ಸಮಯದಲ್ಲಿ ಸೇರುತ್ತಿತ್ತು. ಅಲ್ಲಿ ತಾಲೂಕುಗಳ ಪ್ರತಿನಿಧಿಗಳು ಅಹವಾಲುಗಳನ್ನು ಮಂಡಿಸುತ್ತಿದ್ದರು. ಶಾಸನಬದ್ಧ ಸ್ಥಾನಮಾನ ಆ ಸಭೆಗೆ ದೊರೆತದ್ದು 1923ರಲ್ಲಿ. ಅಹವಾಲಿಗೂ ಪ್ರಶ್ನೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ಅಹವಾಲು ಸರ್ಕಾರದ ಔದಾರ್ಯವನ್ನು ಅಪೇಕ್ಷಿಸುತ್ತದೆ. ಪ್ರಶ್ನೆಯು ಉತ್ತರವನ್ನು ಹಕ್ಕಾಗಿ ಕೇಳುತ್ತದೆ.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಈ ಪರಂಪರೆಗಳು ಒಂದೇ ಸದನದಲ್ಲಿ ಕೂಡಿಕೊಂಡವು. ಇಳಕಲ್ಲಿಗೆ ಈ ಘಟನೆ ಇನ್ನೂ ಹತ್ತಿರದ್ದಾಗಿತ್ತು. ಪಟ್ಟಣವು ಮುಂಬಯಿ ರಾಜ್ಯದ ಅಂಚಿನಲ್ಲಿದ್ದರೆ, ನೆರೆಯ ಕುಷ್ಟಗಿ ತಾಲೂಕು ಹೈದರಾಬಾದ್ ರಾಜ್ಯದಲ್ಲಿತ್ತು. ಒಂದೆಡೆ 1879ರ ಮುಂಬಯಿ ಭೂಕಂದಾಯ ಸಂಹಿತೆ, ಇನ್ನೊಂದೆಡೆ ನಿಜಾಮರ ಕಾಲದ ಕಂದಾಯ ಕಾನೂನು ಜಾರಿಯಲ್ಲಿದ್ದವು. ಏಕರೂಪದ ಭೂಕಂದಾಯ ಕಾಯ್ದೆ 1964ರಲ್ಲಷ್ಟೇ ರೂಪುಗೊಂಡಿತು. ನಡುವಣ ವರ್ಷಗಳಲ್ಲಿ ಯಾವ ಊರಿಗೆ ಯಾವ ನಿಯಮ ಅನ್ವಯಿಸುತ್ತದೆಂಬುದನ್ನು ಸರ್ಕಾರದಿಂದ ಸ್ಪಷ್ಟಪಡಿಸಿಕೊಳ್ಳುವುದಕ್ಕೆ ಲಿಖಿತ ಪ್ರಶ್ನೆ ಶಾಸಕರ ಕೈಯಲ್ಲಿದ್ದ ನೇರವಾದ ಸಾಧನವಾಗಿತ್ತು.

ಈ ಸಂಧಿಕಾಲದಲ್ಲಿ ಏಕೀಕೃತ ರಾಜ್ಯದ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿದ್ದವರು ಇದೇ ಸೀಮೆಯ ಎಸ್. ಆರ್. ಕಂಠಿ ಅವರು. ಬಾದಾಮಿ ತಾಲೂಕಿನ ಕೆರೂರಿನಲ್ಲಿ 1908ರಲ್ಲಿ ಜನಿಸಿದ ಅವರು ವಕೀಲರಾಗಿದ್ದು, ಮುಂಬಯಿ ವಿಧಾನಸಭೆಯ ಉಪಾಧ್ಯಕ್ಷರಾಗಿ ಅನುಭವ ಪಡೆದಿದ್ದರು. 1956ರ ಡಿಸೆಂಬರ್‌ನಿಂದ 1962ರ ಮಾರ್ಚ್‌ವರೆಗೆ ಅವರು ಮೈಸೂರು ವಿಧಾನಸಭೆಯ ಅಧ್ಯಕ್ಷರಾಗಿದ್ದರು. 1957ರ ಚುನಾವಣೆಯಲ್ಲಿ ಹುನಗುಂದ ಕ್ಷೇತ್ರದಿಂದ ಆಯ್ಕೆಯಾದರು. 1962ರ ಮಾರ್ಚ್ 14ರಿಂದ ಜೂನ್ 20ರವರೆಗೆ ಮುಖ್ಯಮಂತ್ರಿಯಾಗಿ, ಅನಂತರ ಶಿಕ್ಷಣ ಸಚಿವರಾಗಿ ಕಾರ್ಯನಿರ್ವಹಿಸಿದರು. ಪ್ರಶ್ನೆಯನ್ನು ಅಂಗೀಕರಿಸುವ ಪೀಠ ಮತ್ತು ಪ್ರಶ್ನೆಗೆ ಉತ್ತರಿಸುವ ಆಸನ ಎರಡನ್ನೂ ಅವರು ಬಲ್ಲವರಾಗಿದ್ದರು. ಅಧ್ಯಕ್ಷಪೀಠದಲ್ಲಿರುವವರು ತಾವೇ ಪ್ರಶ್ನೆ ಕೇಳುವಂತಿಲ್ಲ. ಆದ್ದರಿಂದ ಕ್ಷೇತ್ರದ ಪ್ರತಿನಿಧಿಗೆ ಉನ್ನತ ಸ್ಥಾನ ಲಭಿಸಿದಾಗ, ಆ ಕ್ಷೇತ್ರದ ಪ್ರಶ್ನೆ ಸದನದಲ್ಲಿ ಕೇಳಿಬರಬೇಕಾದರೆ ಅನ್ಯ ಸದಸ್ಯರನ್ನು ಅವಲಂಬಿಸಬೇಕಾಗುತ್ತದೆ. ಗೌರವದ ಜೊತೆಗೇ ಬರುವ ಈ ಕೊರತೆ ಪ್ರಾತಿನಿಧ್ಯದ ಇತಿಹಾಸದಲ್ಲಿ ಪರಿಗಣಿಸಬೇಕಾದ ಅಂಶ.

ಪ್ರಶ್ನೆಯ ಕಾರ್ಯವಿಧಾನವೂ ಪರಿಶೀಲನಾರ್ಹ. ಸಂವಿಧಾನದ 208ನೇ ವಿಧಿಯನ್ವಯ ಸದನವು ತನ್ನ ನಡಾವಳಿಯ ನಿಯಮಗಳನ್ನು ತಾನೇ ರಚಿಸಿಕೊಳ್ಳುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ. ಅದಕ್ಕೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಪ್ರಶ್ನೆಯಲ್ಲಿ ವಾದ, ವ್ಯಂಗ್ಯ, ಆರೋಪಗಳಿರಕೂಡದು. ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯವನ್ನು ಕೇಳಕೂಡದು. ಅಂಗೀಕೃತವಾದ ಪ್ರಶ್ನೆಯು ಸಚಿವಾಲಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿಯುತ್ತದೆ. ಮಾಹಿತಿಯು ಅದೇ ಮೆಟ್ಟಿಲುಗಳನ್ನು ಹತ್ತಿ ಸಚಿವರನ್ನು ತಲುಪುತ್ತದೆ. ಕಚೇರಿಗಳಲ್ಲಿ ‘ಎಲ್.ಎ.ಕ್ಯೂ.’ ಎಂದೇ ರೂಢಿಯಾಗಿರುವ ಈ ಕಾಗದ ಬಂದಾಗ ಬಹುದಿನ ಬಿಚ್ಚದ ಕಡತಗಳೂ ಬಿಚ್ಚಿಕೊಳ್ಳುತ್ತವೆ. ಉತ್ತರಕ್ಕೆ ಸಚಿವರೇ ಹೊಣೆಗಾರರಾದುದರಿಂದ ಕೆಳಹಂತದ ಅಧಿಕಾರಿಯ ಲೆಕ್ಕ ಸರ್ಕಾರದ ಹೇಳಿಕೆಯಾಗಿ ಪರಿಣಮಿಸುತ್ತದೆ.

ಪ್ರಶ್ನೆಯ ರಚನೆಯನ್ನವಲಂಬಿಸಿ ಉತ್ತರದ ಬೆಲೆ ನಿರ್ಧಾರವಾಗುತ್ತದೆ. ಇಳಕಲ್ ನೇಕಾರಿಕೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿಯಿಂದ ಜೋಡಿಸಿ ನೇಯುವ ಇಲ್ಲಿಯ ಸೀರೆ ನಾಡಿನಲ್ಲೆಲ್ಲ ಹೆಸರಾದುದು. ನೇಕಾರರ ಸ್ಥಿತಿ ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ಕೇಳಿದರೆ ‘ಬಂದಿದೆ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ನೋಂದಾಯಿತ ಕೈಮಗ್ಗಗಳೆಷ್ಟು, ಸಹಕಾರ ಸಂಘಗಳಿಗೆ ಬರಬೇಕಾದ ರಿಯಾಯಿತಿ ಹಣ ಯಾವ ವರ್ಷದಿಂದ ಬಾಕಿಯಿದೆ, ಕೆಲವು ವಸ್ತುಗಳ ಉತ್ಪಾದನೆಯನ್ನು ಕೈಮಗ್ಗಕ್ಕೆ ಮೀಸಲಿಡುವ 1985ರ ಕೇಂದ್ರ ಕಾಯ್ದೆಯಡಿ ಎಷ್ಟು ವಿದ್ಯುನ್ಮಗ್ಗಗಳ ತಪಾಸಣೆ ನಡೆದಿದೆ ಎಂದು ವಿಂಗಡಿಸಿ ಕೇಳಿದರೆ ಇಲಾಖೆ ನುಣುಚಿಕೊಳ್ಳುವುದು ಕಷ್ಟ. ಇಲ್ಲಿಯ ಕೆಂಪು ಗ್ರಾನೈಟ್ ಗಣಿಗಳ ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು. ಗುತ್ತಿಗೆ ಗಣಿ ಇಲಾಖೆಗೆ, ಜಮೀನು ಕಂದಾಯ ಇಲಾಖೆಗೆ, ಕೂಲಿಕಾರರ ಸುರಕ್ಷತೆ ಮತ್ತೊಂದಕ್ಕೆ ಸೇರುವುದರಿಂದ ‘ಈ ಇಲಾಖೆಗೆ ಸಂಬಂಧಿಸಿಲ್ಲ’ವೆಂಬ ಉತ್ತರಕ್ಕೆ ಅವಕಾಶವಾಗುತ್ತದೆ. ಪ್ರತಿಯೊಂದು ಇಲಾಖೆಗೂ ಪ್ರತ್ಯೇಕ ಪ್ರಶ್ನೆ ಹಾಕುವುದೇ ಇದಕ್ಕಿರುವ ಪರಿಹಾರ.

ಜನರ ಬದುಕೇ ಪಣವಾಗುವ ವಿಷಯವೆಂದರೆ ಮುಳುಗಡೆ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು; 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಜಲಾಶಯವನ್ನು ಲೋಕಾರ್ಪಣೆ ಮಾಡಿದರು. ಈ ನಡುವಣ ನಾಲ್ಕು ದಶಕಗಳಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ಕೃಷ್ಣಾ ತೀರದ ಹಳ್ಳಿಗಳೂ ನೀರಿನ ಪಾಲಾದವು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿದ ಮೇಲೆ ಪುನರ್ವಸತಿಯ ಪ್ರಶ್ನೆ ಮತ್ತೊಮ್ಮೆ ಎದುರಾಯಿತು. ಭೂಮಿ ಕಳೆದುಕೊಂಡ ರೈತನಿಗೆ ಸ್ವಾಧೀನದ ಅಧಿಸೂಚನೆ, ಐತೀರ್ಪು, ಹಣ ಪಾವತಿ ಈ ಮೂರರ ನಡುವಿನ ಅಂತರವೇ ಜೀವನ್ಮರಣದ ವಿಷಯ. ಸದನದಲ್ಲಿ ಗ್ರಾಮವಾರು ವಿವರ ಕೇಳಿ ಪಡೆದ ಅನುಬಂಧವು ಅಂಥವನ ಪಾಲಿಗೆ ಕಚೇರಿಯಲ್ಲಿ ತೋರಿಸಬಲ್ಲ ಆಧಾರವಾಗುತ್ತದೆ.

ಈ ಸಾಧನಕ್ಕೆ ಮಿತಿಗಳೂ ಇವೆ. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರಗಳು ಕಾಲಹರಣಕ್ಕೆ ಎಡೆಮಾಡುತ್ತವೆ. ಸಚಿವರು ನೀಡಿದ ಭರವಸೆಗಳನ್ನು ಬೆನ್ನಟ್ಟುವ ಹೊಣೆ ಸರ್ಕಾರಿ ಭರವಸೆಗಳ ಸಮಿತಿಯದು. ಸದನ ಗದ್ದಲಕ್ಕೆ ಬಲಿಯಾದಾಗ ಉಪಪ್ರಶ್ನೆಗಳ ಅವಕಾಶ ತಪ್ಪುತ್ತದೆ. ಸಭೆ ವಿಸರ್ಜನೆಗೊಂಡರೆ ಬಾಕಿ ಪ್ರಶ್ನೆಗಳು ಬಿದ್ದುಹೋಗುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಮೂಲ ಪಾಠದಲ್ಲಿ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಖಂಡದೊಡನೆ, ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಕೂಡದೆಂಬ ಮಾತು ಇದ್ದಿತು. ಶಾಸಕನ ಹಕ್ಕನ್ನೇ ಪ್ರಜೆಯ ಹಕ್ಕಿಗೆ ಅಳತೆಗೋಲಾಗಿಸಿದ ಮಾತದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಆ ಖಂಡವನ್ನು ಬದಲಿಸುವಾಗ ಈ ಮಾತನ್ನು ಉಳಿಸಲಿಲ್ಲ. ಇದರಿಂದ ಶಾಸಕನು ಕೇಳುವ ಪ್ರಶ್ನೆಯ ಹೊಣೆ ಹೆಚ್ಚಿದೆಯೇ ಹೊರತು ತಗ್ಗಿಲ್ಲ.

ಇಳಕಲ್ ಈಗ ಪ್ರತ್ಯೇಕ ತಾಲೂಕು. 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ಅದೂ ಒಂದು. ಹೊಸ ತಾಲೂಕಿಗೆ ಕಚೇರಿಗಳು ಬರುವಂತೆ ಅದರ ಹಿಂದಿನ ಲೆಕ್ಕಪತ್ರಗಳು ತಾವಾಗಿ ಬರುವುದಿಲ್ಲ. ಮುಂಬಯಿ ಮತ್ತು ಮೈಸೂರು ಸಭೆಗಳ ನಡಾವಳಿಗಳಿಂದ ಈ ಸೀಮೆಗೆ ಸಂಬಂಧಿಸಿದ ಪ್ರಶ್ನೋತ್ತರಗಳನ್ನು ಆಯ್ದು, ಗ್ರಾಮ ಹಾಗೂ ಇಲಾಖೆಗಳ ಅನುಕ್ರಮದಲ್ಲಿ ಸೂಚಿಯೊಂದನ್ನು ಸಿದ್ಧಪಡಿಸಿದರೆ ಸ್ಥಳೀಯ ಚರಿತ್ರೆಗೆ ಗಟ್ಟಿಯಾದ ಆಕರ ದೊರೆಯುತ್ತದೆ. ಸರ್ಕಾರವು ಹಿಂದೆ ಏನು ಹೇಳಿತ್ತೆಂಬುದು ಗೊತ್ತಿದ್ದಾಗಲೇ ಮುಂದಿನ ಪ್ರಶ್ನೆ ಹರಿತವಾಗುತ್ತದೆ.