ಕಲಿಸುವ ಖರ್ಚು ಯಾರದ್ದು? ಮೈಕೋ ಗೇಟಿನಿಂದ ಬಿಟಿಎಂ ಕ್ಲಾಸಿನವರೆಗೆ

ತಿಲಕ್ ನಗರದ ನಮ್ಮ ಬೀದಿಯಲ್ಲಿ ಸಂಜೆ ಏಳರ ಹೊತ್ತಿಗೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಬರುವವರಲ್ಲಿ ಎರಡು ಬಗೆ. ಕೆಲಸ ಮುಗಿಸಿ ಬರುವವರ ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿರುತ್ತದೆ. ಕೆಲಸಕ್ಕಾಗಿ ಕಲಿತು ಬರುವವರ ಕೈಯಲ್ಲಿ ಸ್ಪೈರಲ್ ಹಾಕಿಸಿದ ಜಾವಾ ನೋಟ್ಸು. ಈ ಎರಡನೆಯವರು ಬೆಳಿಗ್ಗೆ ಬನ್ನೇರುಘಟ್ಟ ರಸ್ತೆ ದಾಟಿ ಬಿಟಿಎಂ ಲೇಔಟಿಗೆ ಹೋಗುತ್ತಾರೆ. ಅಲ್ಲಿ ಟೆಸ್ಟಿಂಗ್, ಪೈಥಾನ್, ಫುಲ್ ಸ್ಟ್ಯಾಕ್ ಎಂದು ಬರೆದ ಬೋರ್ಡುಗಳು ದರ್ಶಿನಿಗಳ ಮೇಲಿನ ಮಹಡಿಗಳಲ್ಲಿವೆ.

ನನ್ನ ಪಕ್ಕದ ರೂಮಿನ ಗೆಳೆಯನೂ ಅವರಲ್ಲೊಬ್ಬ. ಗದಗದ ಕಡೆಯವನು, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಪೀಣ್ಯದಲ್ಲಿ ಮೂರು ವರ್ಷ ಸಿಎನ್‌ಸಿ ಯಂತ್ರದ ಮುಂದೆ ನಿಂತಿದ್ದ. ಇಪ್ಪತ್ತಾರಕ್ಕೆ ಅದನ್ನು ಬಿಟ್ಟು, ಅವ್ವ ಸಂಘದಲ್ಲಿ ಸಾಲ ಎತ್ತಿ ಕಳಿಸಿದ ದುಡ್ಡಿನಲ್ಲಿ ಕೋರ್ಸಿಗೆ ಸೇರಿದ. ನಮ್ಮ ಮನೆ ಮಾಲೀಕರು ಮೈಕೋದಲ್ಲಿ ಅಪ್ರೆಂಟಿಸ್ ಆಗಿ ಸೇರಿ ಅಲ್ಲಿಯೇ ನಿವೃತ್ತರಾದವರು. ಒಂದು ದಿನ ಮೆಟ್ಟಿಲ ಬಳಿ ಅವನನ್ನು ನಿಲ್ಲಿಸಿ ಕೇಳಿದರು: "ಟ್ರೈನಿಂಗಿಗೆ ಹೋಗ್ತಿದೀಯಂತಲ್ಲಪ್ಪಾ, ಎಷ್ಟು ಸ್ಟೈಪೆಂಡ್ ಕೊಡ್ತಾರೆ?"

"ಅವರೆಲ್ಲಿ ಕೊಡ್ತಾರ್ರೀ ಅಂಕಲ್, ನಾವ ಕೊಡಬೇಕು."

ಮಾಲೀಕರು ತಮಾಷೆ ಎಂದುಕೊಂಡರು. ಇತಿಹಾಸ ಓದುವವಳಾದ ನನಗೆ ಈ ಮಾತು ಹಿಡಿದುಕೊಂಡಿತು. ಒಂದು ಕೆಲಸ ಕಲಿಸುವ ಖರ್ಚು ಯಾರ ಜೇಬಿನಿಂದ ಯಾರ ಜೇಬಿಗೆ, ಯಾವಾಗ ಜಾರಿತು? ಇದರ ಉತ್ತರದ ದೊಡ್ಡ ಪಾಲು ನಮ್ಮ ಮನೆಯಿಂದ ಎರಡು ಮೂರು ಕಿಲೋಮೀಟರಿನ ಒಳಗೇ ಇದೆ.

ಡೈರಿ ಸರ್ಕಲ್ ದಾಟಿ ಆಡುಗೋಡಿಗೆ ಹೋದರೆ ಮೈಕೋ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಜರ್ಮನಿಯ ಬಾಷ್ ಸಂಸ್ಥೆಯ ಪಾಲಿನೊಂದಿಗೆ 1950ರ ದಶಕದಲ್ಲಿ ಶುರುವಾದ ಕಾರ್ಖಾನೆ. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಪಂಪು ಅದರ ಮುಖ್ಯ ಸರಕು. ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಅಂತರವನ್ನು ಅಳೆದು ಕೆಲಸ ಮಾಡುವ ಕೈಗಳು ಆಗಿನ ಬೆಂಗಳೂರಿನಲ್ಲಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಕಂಪನಿ ತನ್ನದೇ ತರಬೇತಿ ಕೇಂದ್ರ ನಡೆಸಿತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದು, ಕಾರ್ಖಾನೆಗಳು ಹುಡುಗರನ್ನು ಕಲಿಕೆಗೆ ಸೇರಿಸಿಕೊಳ್ಳಬೇಕು, ಕಲಿಯುವಷ್ಟು ಕಾಲವೂ ಸ್ಟೈಪೆಂಡ್ ಕೊಡಬೇಕು ಎಂದಿತು. ಅರಮನೆಯ ಕಾಲದ ಕತೆಯಂತೆ ಇದನ್ನು ಹೊಗಳಬೇಕಿಲ್ಲ. ಕಲಿಸಿದವರನ್ನೆಲ್ಲ ಕೆಲಸಕ್ಕೆ ಇಟ್ಟುಕೊಳ್ಳಲೇಬೇಕೆಂದು ಆ ಕಾಯ್ದೆ ಹೇಳಲಿಲ್ಲ, ಆ ಗೇಟಿನೊಳಗೆ ಹೋದವರಲ್ಲಿ ಹೆಣ್ಣುಮಕ್ಕಳೂ ಇರಲಿಲ್ಲವೆಂದೇ ನಮ್ಮ ಮಾಲೀಕರ ನೆನಪು. ಆದರೂ ಒಂದು ಮಾತು ಆಗ ಸ್ಪಷ್ಟವಿತ್ತು: ಕಲಿತ ಕೈಯಿಂದ ಲಾಭ ಪಡೆಯುವವರು ಕಲಿಸುವ ಖರ್ಚನ್ನೂ ಹೊರಬೇಕು.

ಆ ಗೇಟಿನ ಹೊರಗೆ ಉಳಿದವರಿಗೆ ಇದ್ದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಬಡಾವಣೆಗೊಂದರಂತೆ ಇದ್ದ ಈ ಮಹಡಿ ಮೇಲಿನ ಕೋಣೆಗಳಲ್ಲಿ ಗಂಟೆಗೊಂದು ಬ್ಯಾಚು. ಇಲ್ಲಿ ಫೀಸು ಕೊಡುವವರು ಕಲಿಯುವವರೇ, ಆದರೆ ತಿಂಗಳ ಲೆಕ್ಕ. ಇಷ್ಟವಿಲ್ಲದಿದ್ದರೆ ಮುಂದಿನ ತಿಂಗಳು ಬಿಡಬಹುದು. ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಜೂನಿಯರ್, ಸೀನಿಯರ್ ಪರೀಕ್ಷೆ ನಡೆಸುತ್ತಿದ್ದದ್ದು ಸರ್ಕಾರದ ಪರೀಕ್ಷಾ ಮಂಡಳಿ. ಕಲಿಸಿದ ಮೇಷ್ಟ್ರು ಪಾಸು ಮಾಡುವಂತಿಲ್ಲ, ನಿಮಿಷಕ್ಕೆ ಎಷ್ಟು ಪದ ಎನ್ನುವ ಅಳತೆಯಲ್ಲಿ ಯಾರ ಮಗ, ಯಾವ ಕಾಲೇಜು ಎನ್ನುವ ಪ್ರಶ್ನೆ ಇಲ್ಲ. 1963ರ ರಾಜಭಾಷಾ ಅಧಿನಿಯಮದ ನಂತರ ಕಚೇರಿಗಳಲ್ಲಿ ಕನ್ನಡ ನಿಧಾನವಾಗಿ ಜಾಗ ಮಾಡಿಕೊಂಡಂತೆ, ಅನಂತಸುಬ್ಬರಾಯರ ಕೀಲಿಮಣೆಯ ಕನ್ನಡ ಟೈಪ್‌ರೈಟರ್ ಕಲಿತರೂ ಅನ್ನ ಹುಟ್ಟುತ್ತಿತ್ತು. ಮನೆಯಿಂದ ಹೊರಟು ಸಂಬಳದ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಹತ್ತಿದ್ದು ಈ ಮೆಟ್ಟಿಲನ್ನೇ.

ಕಂಪ್ಯೂಟರು ಈ ಭಾಗಕ್ಕೆ ಬಂದ ಕತೆಯಲ್ಲೂ ಮೈಕೋ ಇದೆ. ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಾಗ ಇಲ್ಲಿನ ಅದರ ಮೊದಲ ಗಿರಾಕಿ ಇದೇ ಕಂಪನಿ. ಅಷ್ಟರಲ್ಲಿ ದೆಹಲಿಯಲ್ಲಿ ಎನ್‌ಐಐಟಿ (1981) ಹುಟ್ಟಿತ್ತು, 1986ರಲ್ಲಿ ಆಪ್ಟೆಕ್ ಬಂತು. ಟೈಪಿಂಗ್ ಕೋಣೆಗೂ ಇವುಗಳ ಎಸಿ ಕೋಣೆಗೂ ವ್ಯತ್ಯಾಸ ಬರೀ ಯಂತ್ರದ್ದಲ್ಲ. ಇಲ್ಲಿ ಕಲಿಸುವವರೇ ಪರೀಕ್ಷೆ ಮಾಡಿ ತಾವೇ ಪ್ರಮಾಣಪತ್ರ ಕೊಟ್ಟರು. ಕೇಂದ್ರ ಸರ್ಕಾರ 'ಒ ಲೆವೆಲ್' ಮುಂತಾದ ಪರೀಕ್ಷೆಗಳನ್ನು ತಂದಿತಾದರೂ ಕೆಲಸ ಕೊಡುವವರ ಬಾಯಲ್ಲಿ ಅದರ ಹೆಸರು ಹೆಚ್ಚು ಕೇಳಲಿಲ್ಲ. 2000ನೇ ಇಸವಿ ಹುಟ್ಟುವಾಗ ಹಳೆಯ ಪ್ರೋಗ್ರಾಂಗಳು ಕೆಡುತ್ತವೆಂಬ ಭಯದಲ್ಲಿ ಕೋಬಾಲ್ ಕಲಿತವರಿಗೆ ಬೇಡಿಕೆ ಬಂತು. 2001ರ ಕುಸಿತದಲ್ಲಿ ಅದೇ ಬೇಡಿಕೆ ಇಳಿಯಿತು. ನಷ್ಟವಾದಾಗ ಫೀಸು ವಾಪಸು ಕೊಟ್ಟವರಿಲ್ಲ.

ಸಂಬಳ ಕೊಟ್ಟು ಕಲಿಸುವ ಪದ್ಧತಿ ಸತ್ತೇಹೋಯಿತೆಂದು ಹೇಳಿದರೆ ತಪ್ಪಾಗುತ್ತದೆ. ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಎಂಜಿನಿಯರಿಂಗ್ ಮುಗಿಸಿದ ಸಾವಿರಾರು ಮಕ್ಕಳು ಸಂಬಳ ಪಡೆಯುತ್ತಲೇ ಕೋಡಿಂಗ್ ಕಲಿತರು. ಆದರೆ ಆ ಬಾಗಿಲು ತೆರೆಯುವುದು ಕ್ಯಾಂಪಸ್ಸಿನಿಂದ ನೇರ ಬಂದವರಿಗೆ. ಬಿಕಾಂ ಓದಿ ಅಂಗಡಿಯ ಲೆಕ್ಕ ಬರೆದವಳು, ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ದುಡಿದವನು, ಬಿಎಡ್ ಮಾಡಿ ಖಾಸಗಿ ಶಾಲೆಯಲ್ಲಿ ಬೇಸತ್ತವರು ಬರುವುದು ಬಿಟಿಎಂಗೆ. ಬ್ಯಾಟರಾಯನಪುರವೋ ಬಸವನಗುಡಿಯೋ ಆಗಬಹುದಿತ್ತು; ಆದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಊರುಗಳ ಮೊದಲಕ್ಷರ ಸೇರಿ ಆದ ಈ ಬಡಾವಣೆಗೆ ಸಿಲ್ಕ್ ಬೋರ್ಡ್ ಪಕ್ಕದಲ್ಲೇ ಇತ್ತು, ಅಲ್ಲಿಂದ ಮುಂದೆ ಎಲೆಕ್ಟ್ರಾನಿಕ್ ಸಿಟಿ. ಪಿಜಿ, ಕ್ಲಾಸು, ಮೆಸ್ಸು ಒಂದೇ ರಸ್ತೆಯಲ್ಲಿ ಸಿಕ್ಕವು.

'ಬೂಟ್‌ಕ್ಯಾಂಪ್' ಎಂಬ ಹೆಸರು ಬಂದದ್ದು ಆಮೇಲೆ. ಅಮೆರಿಕದ ಸೈನ್ಯದಲ್ಲಿ ಹೊಸಬರನ್ನು ಪಳಗಿಸುವ ಶಿಬಿರದ ಹೆಸರನ್ನು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೆವ್ ಬೂಟ್‌ಕ್ಯಾಂಪ್ ಕೋಡಿಂಗಿಗೆ ತಂದಿತು. 2017ರಲ್ಲಿ ಅದು ಮುಚ್ಚಿತು. ಆ ಹೊತ್ತಿಗೆ ಇನ್ನೊಂದು ಉಪಾಯ ಹಬ್ಬುತ್ತಿತ್ತು: ಈಗ ಫೀಸು ಬೇಡ, ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ. ಬೆಂಗಳೂರಿನಲ್ಲಿ 2019ರಲ್ಲಿ ಶುರುವಾದ ಮಸಾಯ್ ಸ್ಕೂಲ್ ಈ ಮಾದರಿಯಿಂದ ಹೆಸರಾಯಿತು. ಹೊಸದೇನಲ್ಲ, ಯೇಲ್ ವಿಶ್ವವಿದ್ಯಾಲಯ 1971ರಲ್ಲೇ ಇಂಥದ್ದನ್ನು ಪ್ರಯತ್ನಿಸಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತ್ತು. ನನಗೆ ಈ ಉಪಾಯದ ಬಗ್ಗೆ ಪೂರ್ತಿ ಅನುಮಾನವಿಲ್ಲ. ಕೆಲಸ ಸಿಗದಿದ್ದರೆ ಕಲಿಸಿದವರಿಗೂ ನಷ್ಟ ಎನ್ನುವುದು ನ್ಯಾಯವೇ. ಆದರೆ ಕಲಿತವರಿಂದ ಲಾಭ ಪಡೆಯುವ ಕಂಪನಿ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅಮೆರಿಕದಲ್ಲಿ ಇದೇ ಮಾದರಿಯ ಒಂದು ಶಾಲೆಯ ಮೇಲೆ, ಸಾಲವನ್ನು ಸಾಲವಲ್ಲವೆಂದು ಹೇಳಿದ್ದಕ್ಕೆ, ಕೆಲಸ ಸಿಕ್ಕವರ ಪ್ರಮಾಣವನ್ನು ಹಿಗ್ಗಿಸಿದ್ದಕ್ಕೆ, ಅಲ್ಲಿನ ಗ್ರಾಹಕ ಸಂರಕ್ಷಣಾ ಸಂಸ್ಥೆ 2024ರಲ್ಲಿ ಕ್ರಮ ತೆಗೆದುಕೊಂಡಿತು.

ಗೆಳೆಯನ ಕ್ಲಾಸು ಅಂಥದ್ದಲ್ಲ, ಫೀಸು ಮೊದಲೇ ಕಟ್ಟಿಸಿಕೊಳ್ಳುವ ಹಳೆಯ ಬಗೆಯದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಅಭ್ಯಾಸ, ಶನಿವಾರ ಮಾಕ್ ಇಂಟರ್‌ವ್ಯೂ. ಪಾಠ ಅವನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಡ್ರೈವ್‌ಗಳ ಷರತ್ತು. ಎಸ್‌ಎಸ್‌ಎಲ್‌ಸಿಯಿಂದ ಎಲ್ಲದರಲ್ಲೂ ಶೇ. 60 ಬೇಕು, ಕಳೆದ ಒಂದೆರಡು ವರ್ಷದಲ್ಲಿ ಪಾಸಾದವರೇ ಬೇಕು. ವೃತ್ತಿ ಬದಲಿಸಲು ಬಂದವರು ಆ ವರ್ಷಗಳನ್ನು ಎಲ್ಲಿಂದ ತರಬೇಕು? ರೆಸ್ಯೂಮೆಯಿಂದ ಪೀಣ್ಯವನ್ನು ತೆಗೆದುಬಿಡು ಎಂದು ಕ್ಲಾಸಿನವರು ಹೇಳಿದರು. ತೆಗೆದರೆ ಮೂರು ವರ್ಷ ಖಾಲಿ. ಇಟ್ಟರೆ ಸಂಬಂಧವಿಲ್ಲದ ಅನುಭವ. ಸುಳ್ಳು ಅನುಭವಪತ್ರ ಮಾಡಿಕೊಡುತ್ತೇವೆ ಎಂದವರೂ ಸಿಕ್ಕರು. ಅವನು ಒಪ್ಪಲಿಲ್ಲ, ಒಪ್ಪಿದವರನ್ನು ಬೈಯಲೂ ಇಲ್ಲ.

ನನಗೆ ಬೇಸರವಾದದ್ದು ಇನ್ನೊಂದಕ್ಕೆ. ಸಿಎನ್‌ಸಿ ಯಂತ್ರ ನಡೆಯುವುದು ಜಿ-ಕೋಡಿನಿಂದ. ಉಳಿ ಎಲ್ಲಿಗೆ ಚಲಿಸಬೇಕು, ಎಷ್ಟು ವೇಗದಲ್ಲಿ, ಯಾವಾಗ ನಿಲ್ಲಬೇಕು ಎಂದು ಸಾಲು ಸಾಲಾಗಿ ಬರೆಯುವ ಪ್ರೋಗ್ರಾಂ ಅದು. ಒಂದು ಸೊನ್ನೆ ತಪ್ಪಿದರೆ ಉಳಿಯೇ ಮುರಿಯುತ್ತದೆ. ಅವನು ಮೂರು ವರ್ಷ ಅದನ್ನು ತಿದ್ದಿದ್ದ, ಬರೆದಿದ್ದ. ಹನ್ನೊಂದು ಇಂಟರ್‌ವ್ಯೂಗಳಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ, ಅವನಿಗೂ ಅದು ಕೋಡಿಂಗ್ ಎಂದು ಹೇಳಿಕೊಳ್ಳಬಹುದೆಂದು ಹೊಳೆಯಲಿಲ್ಲ.

ಮೈಕೋ 2008ರಲ್ಲಿ ಬಾಷ್ ಎಂಬ ಹೆಸರಿಗೆ ಬದಲಾಯಿತು, ತಯಾರಿಕೆ ಬಿಡದಿಗೆ ಹೋಯಿತು. ಆಡುಗೋಡಿಯ ಜಾಗದಲ್ಲಿ 2022ರಲ್ಲಿ ಹೊಸ ಕ್ಯಾಂಪಸ್ ಉದ್ಘಾಟನೆಯಾಯಿತು; ಕಾರ್ಖಾನೆಯೂ ವೃತ್ತಿ ಬದಲಿಸಿದಂತೆ. ಗೆಳೆಯನಿಗೆ ಕೊನೆಗೆ ಒಂದು ಸಣ್ಣ ಕಂಪನಿಯ ಸಪೋರ್ಟ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸುದ್ದಿ ಹೇಳಲು ಮಾಲೀಕರ ಬಾಗಿಲಿಗೆ ಪೇಡೆ ಹಿಡಿದು ಹೋದ.

"ಈಗಲಾದ್ರೂ ಕೊಡ್ತಾರಾ?" ಎಂದರು ಅವರು.

"ಕೊಡ್ತಾರ್ರೀ. ಆದ್ರ ಮೊದಲ ಮೂರು ತಿಂಗಳು ಟ್ರೈನಿಂಗ್ ಅಂತ, ಅರ್ಧ ಸಂಬಳ."

"ಓ, ಸ್ಟೈಪೆಂಡು" ಎಂದು ಅವರು ಪೇಡೆ ಬಾಯಿಗೆ ಹಾಕಿಕೊಂಡರು.